ಕೆಂಚಪ್ಪನ ಪಕ್ಕದ ಕೊಡಲಿ

ಕರಿಕಲ್ಲುಹಟ್ಟಿ,
ಮಾಡದಕೆರೆ ಹೋಬಳಿ.
೧೨ ನವೆಂಬರ್ ೨೦೨೫, ಬುಧವಾರ

ಶ್ರೀ ನಾಗಭೂಷಣ ಅವರಿಗೆ,

ಅನುಸೂಯಳ ನಮಸ್ಕಾರಗಳು.

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ನಿಮ್ಮ ಅವ್ವ ಮದುವೆಯ ಮರುದಿನವೇ ನನಗೆ ಕಲಿಸಿದ್ದರು. ಆದರೆ ಲಕೋಟೆಯ ಮೇಲೆ ‘ರೀ’ ಎಂದಷ್ಟೇ ಬರೆದರೆ ಕಂಡಕ್ಟರ್ ಬೋರಣ್ಣ ಹಿರಿಯೂರಿನ ಬಸ್ ಸ್ಟ್ಯಾಂಡಿನಲ್ಲಿ ಇದನ್ನು ಯಾರ ಕೈಗೆ ಕೊಡಬೇಕು? ಅದಕ್ಕೇ ಪೂರ್ತಿ ಹೆಸರು ಬರೆದಿದ್ದೇನೆ. ಅಂಚೆಗೆ ಹಾಕಿದರೆ ಶುಕ್ರವಾರ ಕಳೆದ ಮೇಲೆ ಸಿಗುತ್ತದೆ, ಆಗ ಓದಿ ಪ್ರಯೋಜನವಿಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಹೂಂ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀರಿ. ಮೆಸೇಜು ಹಾಕಿದರೆ ಅದು ಎಲ್ಲೆಲ್ಲಿಗೆ ಹೋಗುತ್ತದೋ ಹೇಳಲಾಗದು. ಕಾಗದವಾದರೆ ಒಬ್ಬರೇ ಕೂತು ಕೊನೆಯವರೆಗೂ ಓದುತ್ತೀರಿ. ನಿಮ್ಮ ಮೇಲೆ ಅಷ್ಟು ನಂಬಿಕೆ ಇನ್ನೂ ಉಳಿದಿದೆ.

ನೀವು ಹಿರಿಯೂರಿನಲ್ಲಿ ರೂಮು ಮಾಡಿದ ಮೇಲೆ ನಾವಿಬ್ಬರೂ ಜಗಳವಾಡಿದ್ದೇ ಇಲ್ಲ. ಆಡಲು ಎದುರಿಗೆ ಸಿಕ್ಕರಲ್ಲವೇ? ಪೇಪರಿನ ಆಫೀಸಿಗೆ ಹತ್ತಿರ ಎಂದಿರಿ, ನಾನೂ ಸರಿ ಎಂದೆ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಿರಿ, ಆಮೇಲೆ ಹಬ್ಬಕ್ಕೆ, ಈಗ ಪೇಪರಿನಲ್ಲಿ ನಿಮ್ಮ ಹೆಸರು ಕಂಡಾಗ ಓಹೋ ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇನೆ. ಇರಲಿ. ಈ ಪತ್ರ ಆ ವಿಷಯಕ್ಕಲ್ಲ. ಹೋದ ಶುಕ್ರವಾರ ನಿಮ್ಮ ಹೆಸರಿನಲ್ಲಿ ಬಂದ ಸುದ್ದಿಯ ವಿಷಯಕ್ಕೆ ಬರೆಯುತ್ತಿದ್ದೇನೆ.

‘ಸಿಡಿಲು ಬಡಿದು ಕುರಿಗಾಹಿ ಸಾವು.’ ಕರಿಕಲ್ಲುಹಟ್ಟಿಯ ಕೆಂಚಪ್ಪ ಗುರುವಾರ ಮಧ್ಯಾಹ್ನ ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದಾಗ ಸಿಡಿಲಿಗೆ ಸಿಕ್ಕಿ ಸ್ಥಳದಲ್ಲೇ ಮೃತಪಟ್ಟ ಎಂದು ಬರೆದಿದ್ದೀರಿ. ಜೊತೆಗೆ ಫೋಟೋ. ತಲೆಯವರೆಗೂ ಕಂಬಳಿ ಹೊದಿಸಿದ ದೇಹ, ಕಂಬಳಿಯಿಂದ ಹೊರಗೆ ಬಂದ ಬಲಗೈ, ಕೈಯ ಪಕ್ಕದಲ್ಲಿ ಕೊಡಲಿ. ಕೆಂಚಪ್ಪ ನಿಮಗೆ ಗೊತ್ತಿಲ್ಲದವನೇನಲ್ಲ. ಕುರಿ ಈದಾಗಲೆಲ್ಲ ನಮ್ಮ ಮನೆಗೆ ಗಿಣ್ಣುಹಾಲು ತಂದು ಕೊಟ್ಟವನು, ನಿಮ್ಮನ್ನು ‘ಪೇಪರ್ ಸ್ವಾಮೇರು’ ಎಂದು ಕರೆಯುತ್ತಿದ್ದವನು. ಆ ಸುದ್ದಿಯಲ್ಲಿ ಅವನ ವಯಸ್ಸನ್ನು ಸಹ ನೀವು ಸರಿಯಾಗಿ ಬರೆದಿಲ್ಲ.

ನಾನು ಪಾಠ ಮಾಡುವ ಒಂಬತ್ತನೇ ತರಗತಿಯ ಸುದ್ದಿ ಹಲಗೆಯ ವಿಚಾರ ನಿಮಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಶಾಲೆಯ ಜಗಲಿಯ ಗೋಡೆಗೆ ಒಂದು ಹಲಗೆ ಹಾಕಿದ್ದೇವೆ. ಪೇಪರಿನಲ್ಲಿ ಓದಿದ್ದು, ಫೋನಿನಲ್ಲಿ ಬಂದದ್ದು, ಪಾಠದಲ್ಲಿ ಸಂಶಯ ಬಂದದ್ದು, ದಾರಿಯಲ್ಲಿ ಕಂಡದ್ದು, ಏನಿದ್ದರೂ ಮಕ್ಕಳು ಚೀಟಿಯಲ್ಲಿ ಬರೆದು ಅಂಟಿಸಬೇಕು. ಹೆಸರು ಬರೆಯುವಂತಿಲ್ಲ. ಆಮೇಲೆ ತರಗತಿಯಲ್ಲಿ ಎಲ್ಲರೂ ಸೇರಿ ಆ ಚೀಟಿಯನ್ನು ಜಾಲಾಡುತ್ತೇವೆ. ಇದನ್ನು ಕಂಡವರು ಯಾರು, ಹೇಳಿದವರು ಯಾರು, ಹೇಳಿದ್ದರಿಂದ ಅವರಿಗೇನು ಲಾಭ? ಈ ಮೂರು ಪ್ರಶ್ನೆ ಯಾರದ್ದು ಹೇಳಿ ನೋಡೋಣ. ನಮ್ಮ ಮದುವೆಯ ಹೊಸದರಲ್ಲಿ ಬೆಳಗಿನ ಕಾಫಿಗೆ ಪೇಪರು ಹಿಡಿದು ಕೂತು ನನ್ನ ತಲೆ ತಿನ್ನುತ್ತಿದ್ದವರು ನೀವೇ. ಆಗ ನನಗೆ ಸಿಟ್ಟು ಬರುತ್ತಿತ್ತು, ಈಗ ಅದನ್ನೇ ಸಂಬಳ ತೆಗೆದುಕೊಂಡು ಕಲಿಸುತ್ತಿದ್ದೇನೆ.

ಮೊದಮೊದಲು ನಗುವೇ ನಗು. ಪಾಠದಲ್ಲಿ ಒಬ್ಬ ರಾಜ ಏಕಾಂತದಲ್ಲಿ ಕೂತು ಕಣ್ಣೀರಿಟ್ಟ ಎಂದಿತ್ತು. ಒಬ್ಬ ಹುಡುಗ ಎದ್ದು ನಿಂತು, ‘ಮಿಸ್, ರಾಜ ಒಬ್ನೇ ಇದ್ದ ಅಂದ್ರೆ ಅತ್ತಿದ್ದನ್ನ ನೋಡಿದೋರು ಯಾರು?’ ಎಂದು ಕೇಳಿದ. ಅವತ್ತು ಉಳಿದ ಪಾಠ ಆಗಲೇ ಇಲ್ಲ, ಕಥೆ ಹೇಳುವವನಿಗೆ ಯಾವ ಅಧಿಕಾರವಿದೆ, ಸುದ್ದಿ ಬರೆಯುವವನಿಗೆ ಅದು ಯಾಕಿಲ್ಲ ಎಂಬುದರಲ್ಲೇ ಗಂಟೆ ಹೊಡೆಯಿತು. ಆ ಮಕ್ಕಳ ಕಣ್ಣು ಹೊಳೆಯುವುದನ್ನು ನೋಡಿದಾಗ ನಾನು ಈ ಊರಿನಲ್ಲಿ ಒಬ್ಬಳೇ ಇದ್ದೇನೆ ಎಂಬುದು ಮರೆತುಹೋಗುತ್ತಿತ್ತು.

ಈ ಸೋಮವಾರ ಹಲಗೆಯ ಮೇಲೆ ನಿಮ್ಮ ಸುದ್ದಿಯ ತುಣುಕನ್ನು ಯಾರೋ ಅಂಟಿಸಿದ್ದರು. ಅದರ ಕೆಳಗೆ ಒಂದು ಚೀಟಿ. ‘ಗುಡುಗು ಕೇಳಿದ್ರೆ ಕುರಿ ಕಾಯೋರು ಮೊದ್ಲು ಕೊಡಲೀನ ದೂರಕ್ಕೆ ಬಿಸಾಕ್ತಾರೆ. ಕಬ್ಬಿಣ ಸಿಡ್ಲನ್ನ ಕರೀತೈತೆ ಅಂತ. ಸತ್ತೋರ ಕೈ ಹತ್ರ ಕೊಡಲಿ ಯಾಕೈತೆ?’ ಗುಡ್ಡದಾಚೆಯ ಕುರಿಗಾಹಿಗಳ ಹಟ್ಟಿಯ ಕಡೆಯಿಂದ ಬರುವ ಮಗುವೊಂದರ ಅಕ್ಷರ. ಹೆಣ್ಣೋ ಗಂಡೋ ಎಂಬುದನ್ನೂ ನಿಮಗೆ ಬರೆಯುವುದಿಲ್ಲ, ಕ್ಷಮಿಸಿ. ಹಟ್ಟಿಯಲ್ಲಿ ಹುಟ್ಟಿದ ಎಲ್ಲರಿಗೂ ಇದು ಗೊತ್ತು. ಮೋಡ ಗುಡುಗಿದರೆ ಕೊಡಲಿ ಎಸೆದು, ಕಂಬಳಿ ಹೊದ್ದು, ಕುರಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಾರೆ.

ನಾನು ಚೀಟಿಯನ್ನು ತರಗತಿಗೆ ಓದಿ ಹೇಳಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ‘ಫೋಟೋ ಚೆನ್ನಾಗಿ ಬರ್ಲಿ ಅಂತ ಪೇಪರ್ನೋರೇ ತಂದು ಇಟ್ಟಿರ್ಬೋದಲ್ವ ಮಿಸ್?’ ಎಲ್ಲರೂ ನಕ್ಕರು. ಅದು ನಿಜವೆಂದು ನನಗೆ ಮಾತ್ರ ಗೊತ್ತಿತ್ತು. ನೀರಿನ ಬರದ ಸುದ್ದಿಗೆಂದು, ಖಾಲಿ ಕೊಡ ಹೊತ್ತು ಮನೆ ಸೇರಿದ್ದ ಹೆಂಗಸನ್ನು ವಾಪಸು ಕರೆಸಿ ಮತ್ತೊಮ್ಮೆ ನಡೆಸಿ ಫೋಟೋ ತೆಗೆದವರು ನೀವು. ನಮ್ಮ ಮದುವೆಯಲ್ಲಿ ಧಾರೆಯ ನೀರನ್ನು ಇನ್ನೊಮ್ಮೆ ಬಿಡಿ ಎಂದು ಪುರೋಹಿತರಿಗೆ ಹೇಳಿ ಬೈಸಿಕೊಂಡವರೂ ನೀವೇ. ಕುರಿಗಾಹಿ ಎಂದ ಮೇಲೆ ಕೊಡಲಿ ಇರಬೇಕು ಎಂದುಕೊಂಡಿದ್ದೀರಿ. ಅತ್ತ ಎಲ್ಲೋ ಮರಕ್ಕೆ ಒರಗಿಸಿಟ್ಟಿದ್ದನ್ನು ತಂದು ಕೈಯ ಪಕ್ಕ ಇಟ್ಟಿದ್ದೀರಿ. ಅದರಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ನಿಮ್ಮ ಹಳೆಯ ಚಾಳಿ ಅಷ್ಟೆ.

ಹಾಗಾದರೆ ಕೊಡಲಿಯಿಂದ ಏನೂ ಸಾಬೀತಾಗುವುದಿಲ್ಲ ಮಕ್ಕಳೇ, ಅದನ್ನು ಬಿಡಿ, ನೀವೇ ಕಣ್ಣಾರೆ ಕಂಡದ್ದು ಏನಾದರೂ ಇದ್ದರೆ ಹೇಳಿ ಎಂದೆ. ವಿಷಯ ಅಲ್ಲಿಗೆ ಮುಗಿಯಲಿ ಎಂಬ ಆಸೆ ನನಗೂ ಇತ್ತು. ಆದರೆ ಮಕ್ಕಳು ಒಬ್ಬೊಬ್ಬರಾಗಿ ಎದ್ದರು. ಕೆಂಚಪ್ಪ ಸತ್ತ ದಿನ ಬಿಸಿಯೂಟದ ಅಡುಗೆಯ ಪುಟ್ಟಕ್ಕ ಶಾಲೆಯ ಅಂಗಳದ ತುಂಬ ಶೇಂಗಾ ಒಣಹಾಕಿದ್ದಳು, ಸಂಜೆಯವರೆಗೂ ಬಾಚಲಿಲ್ಲ. ಹಿಂದಿನ ವಾರವೆಲ್ಲ ಗುಡುಗಿತ್ತು ನಿಜ, ಗುರುವಾರ ಮಾತ್ರ ಬಿಸಿಲು ಸುಡುತ್ತಿತ್ತು. ಊಟದ ಹೊತ್ತಿನಲ್ಲಿ ಗುಡ್ಡದಲ್ಲಿ ಜಲ್ಲಿ ಕ್ರಷರಿನವರು ಕಲ್ಲು ಸಿಡಿಸಿದ ಸದ್ದು ಬಂತು, ಕಿಟಕಿಗಳು ಅದುರಿದವು, ಆದರೆ ಮೊದಲು ಕೂಗಬೇಕಾದ ಸೈರನ್ ಕೂಗಿರಲಿಲ್ಲ. ಕೆಂಚಪ್ಪನ ಕುರಿಗಳು ಒಂದೂ ಸಾಯದೆ ತಾವಾಗಿಯೇ ಇಳಿದು ಬಂದು ತಮ್ಮ ಕುರಿರೊಪ್ಪದ ಮುಂದೆ ನಿಂತಿದ್ದವು. ಗುಡುಗಿದ್ದರೆ ಅವನು ಕುರಿಗಳ ನಡುವೆ ಇರಬೇಕಿತ್ತು, ಸಿಡಿಲು ಅವನೊಬ್ಬನನ್ನೇ ಹುಡುಕಿ ಹೊಡೆಯಿತೇ ಎಂದು ಒಂದು ಮಗು ಕೇಳಿತು. ಆಮೇಲೆ ಯಾರೂ ನಗಲಿಲ್ಲ. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಹೊರಗೆ ಬಂದುಬಿಟ್ಟೆ.

ಮಂಗಳವಾರ ಬೆಳಿಗ್ಗೆ ಶಾಲೆಗೆ ಬಂದರೆ ಹಲಗೆ ಇಲ್ಲ. ಮೊಳೆ ಹೊಡೆದಿದ್ದ ತೂತುಗಳು ಮಾತ್ರ ಇದ್ದವು. ಹೆಡ್ಮಾಸ್ಟರ್ ಹನುಮಂತಪ್ಪನವರು ನನ್ನ ಮುಖ ನೋಡದೆಯೇ, ‘ಅನುಸೂಯಮ್ಮ, ನನಗೆ ರಿಟೈರ್ಮೆಂಟ್ ಹತ್ರ ಬಂದೈತೆ. ನೀವು ಪಾಠ ಮಾಡ್ರಿ, ಪಂಚಾಯ್ತಿ ಮಾಡಬ್ಯಾಡ್ರಿ’ ಎಂದರು. ಅವರನ್ನು ದೂರಿ ಏನು ಪ್ರಯೋಜನ? ನಮ್ಮ ಮಕ್ಕಳು ಕೂರುವ ಬೆಂಚು, ಕುಡಿಯುವ ನೀರಿನ ಯಂತ್ರ ಎಲ್ಲದರ ಮೇಲೂ ಕ್ರಷರಿನ ಹೆಸರಿದೆ. ಮಧ್ಯಾಹ್ನ ಕ್ರಷರಿನ ಮ್ಯಾನೇಜರ್ ಪ್ರಸನ್ನಕುಮಾರ್ ಬಂದ. ಹನುಮಂತಪ್ಪನವರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು ಹೊರಗೆ ಹೋದರು.

ಅವನು ಗದರಲಿಲ್ಲ. ಗದರಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ‘ಕುಂತ್ಕಳ್ರಿ ಮೇಡಂ’ ಎಂದು ನಮ್ಮ ಶಾಲೆಯಲ್ಲಿ ನನಗೇ ಕೂರಲು ಹೇಳಿದ. ‘ಯಾವ ಮಗು ಅಂತ ಹೇಳಿಬಿಡ್ರಿ. ನಾವೇನ್ ಹೊಡಿತೀವಾ, ಬಡಿತೀವಾ? ಶುಕ್ರವಾರ ಮಕ್ಕಳ ದಿನಾಚರಣೆಗೆ ನಮ್ಮ ಕ್ರಷರ್ ಸಾಹುಕಾರ್ರು ಬರ್ತಾರೆ. ಆ ಮಗು ಸ್ಟೇಜ್ ಹತ್ತಿ, ಗೊತ್ತಿಲ್ದೆ ಬರೆದೆ, ತಪ್ಪಾಗೈತೆ ಅಂತ ಮೈಕಲ್ಲಿ ಅಂದ್ರೆ ಮುಗೀತು. ಒಂದ್ ಸೈಕಲ್ ಕೊಡಿಸ್ತಾರೆ. ವಿಡಿಯೋ ತೆಗಿಯಾಕೆ ನಿಮ್ಮ ಯಜಮಾನ್ರಿಗೇ ಹೇಳೈತೆ’ ಎಂದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ. ‘ಹಟ್ಟಿ ಮಕ್ಕಳು ಗುಡ್ಡದ ದಾರೀಲೇ ಅಲ್ವ ಮೇಡಂ ಬರಾದು? ಹುಷಾರಾಗಿ ಓಡಾಡಾಕೆ ಹೇಳ್ರಿ. ಕಲ್ಲು ಯಾವಾಗ ಎಲ್ಲಿ ಬೀಳ್ತಾವೋ ಹೇಳಾಕಾಗಲ್ಲ.’ ಗುರುವಾರದವರೆಗೆ ನನಗೆ ಗಡುವು ಕೊಟ್ಟಿದ್ದಾನೆ.

ನಿನ್ನೆ ಮಧ್ಯಾಹ್ನದಿಂದ ಶಾಲೆಯ ತಿರುವಿನಲ್ಲಿ ಒಂದು ಬಿಳಿ ಜೀಪು ನಿಂತೇ ಇರುತ್ತದೆ. ಅದರಲ್ಲಿ ಕೂತವನು ಏನೂ ಮಾಡುವುದಿಲ್ಲ. ಹಟ್ಟಿಯ ಮಕ್ಕಳನ್ನು ನಿಲ್ಲಿಸಿ ಚಾಕಲೇಟು ಕೊಡುತ್ತಾನೆ, ನಿನ್ನ ಹೆಸರೇನು, ಅಪ್ಪನ ಹೆಸರೇನು, ಚೆನ್ನಾಗಿ ಬರೀತೀಯಾ ಎಂದು ಕೇಳುತ್ತಾನೆ. ಮಕ್ಕಳು ಚಾಕಲೇಟನ್ನು ತಿನ್ನದೆ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದಾರೆ. ಗುಡ್ಡದ ಸೈರನ್ ಈಗ ಹೊತ್ತುಗೊತ್ತಿಲ್ಲದೆ ಕೂಗುತ್ತದೆ, ಕೂಗಿದ ಮೇಲೆ ಕಲ್ಲು ಸಿಡಿಸುವುದೇ ಇಲ್ಲ. ಇನ್ನು ಕೆಲವು ದಿನ ಹೀಗೇ ಆದರೆ ಅದು ಕೂಗಿದರೂ ಯಾರೂ ತಲೆ ಎತ್ತುವುದಿಲ್ಲ. ಇವತ್ತು ತರಗತಿಯಲ್ಲಿ ಹಟ್ಟಿಯ ಮಕ್ಕಳ ಜಾಗ ಅರ್ಧ ಖಾಲಿ ಇತ್ತು. ಬಂದವರು ಏನು ಕೇಳಿದರೂ ‘ಗೊತ್ತಿಲ್ಲ ಮಿಸ್’ ಎಂದರು. ರಾಜ ಅತ್ತಿದ್ದನ್ನು ಕಂಡವರು ಯಾರು ಎಂದು ಕೇಳಿದ್ದ ಹುಡುಗನೂ ಹಾಗೇ ಅಂದ. ನನಗೆ ಅಳು ಬಂದುಬಿಟ್ಟಿತು.

ನೀವು ಕೇಳುತ್ತೀರಿ, ಸತ್ತವನ ಮನೆಯವರಿಗೆ ಇಲ್ಲದ ಉಸಾಬರಿ ನಿನಗೇಕೆ ಎಂದು. ಕೆಂಚಪ್ಪನ ಹೆಂಡತಿ ರಂಗಕ್ಕ ಇವತ್ತು ಬೆಳಿಗ್ಗೆ ಬಂದು ಅದನ್ನೇ ಕೇಳಿದಳು. ಶಾಲೆಯ ಮೆಟ್ಟಿಲ ಮೇಲೆ ಕೂತು, ‘ಸತ್ತೋನು ಎದ್ದು ಬರಲ್ಲ ಕಣವ್ವ. ಸಿಡ್ಲು ಅಂದ್ರೆ ಸರ್ಕಾರದೋರು ಕೊಡ್ತಾರಂತೆ, ಕಾಗದ ಪತ್ರ ಎಲ್ಲ ಕ್ರಷರ್ನೋರೇ ಮಾಡಿಸ್ತಾರಂತೆ. ಕಲ್ಲು ಅಂದ್ರೆ ನಮ್ಮ ಜಾಗಕ್ಕೆ ಅವನ್ಯಾಕೆ ಬಂದ ಅಂತಾರೆ. ಮಣ್ಣು ಮಾಡೋಕೆ ಮುಂಚೆ ಕಂಬಳಿ ಸರಿಸಿ ನಾನೂ ನೋಡೀನಿ. ಸಿಡ್ಲಿಗೆ ತಲೆ ಹಂಗಾಗಲ್ಲ ಅಂತ ನಂಗೂ ಗೊತ್ತೈತೆ. ನೀನು ಸುಮ್ಕಿರು’ ಎಂದಳು. ಆದರೆ ನಾಳೆಯೂ ಆ ಗುಡ್ಡದ ಕೆಳಗೆ ನನ್ನ ಮಕ್ಕಳು ನಡೆದು ಬರಬೇಕು. ಸೈರನ್ ಇಲ್ಲದೆ ಕಲ್ಲು ಸಿಡಿಸಿ ಅದನ್ನು ಸಿಡಿಲು ಎಂದು ದಕ್ಕಿಸಿಕೊಂಡವರು ಇನ್ನೊಂದು ಸಲ ಸೈರನ್ ಕೂಗಿಸುತ್ತಾರೆ ಎಂದು ನಾನು ಹೇಗೆ ನಂಬಲಿ?

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಆ ಗುರುವಾರ ಗುಡ್ಡದಿಂದ ನೀವು ನನ್ನ ಫೋನಿಗೆ ಒಂದು ಫೋಟೋ ಕಳಿಸಿದಿರಿ. ‘ಇವನು ನಮ್ಮ ಕೆಂಚಪ್ಪ ಅಲ್ವಾ?’ ಎಂದು ಕೇಳಿದ್ದಿರಿ. ನಾನು ಉತ್ತರ ಬರೆಯುವ ಮೊದಲೇ ಅದನ್ನು ಅಳಿಸಿದಿರಿ. ನಾನು ನೋಡಿಲ್ಲ ಎಂದುಕೊಂಡಿರಬಹುದು, ನೋಡಿದ್ದೆ. ಅದರಲ್ಲಿ ಕಂಬಳಿ ಇರಲಿಲ್ಲ, ಕೊಡಲಿಯೂ ಇರಲಿಲ್ಲ. ಅವನ ತಲೆಯ ಹತ್ತಿರ ಹೊಸದಾಗಿ ಒಡೆದ ಕಲ್ಲು ಬಿದ್ದಿತ್ತು. ಸಿಡಿಲು ಎಂದು ನಿಮ್ಮಿಂದ ಬರೆಸಿದವರು ಯಾರು, ಬರೆದದ್ದಕ್ಕೆ ಏನು ಸಿಕ್ಕಿತು ಎಂದು ನಾನು ಕೇಳುವುದಿಲ್ಲ. ಅವತ್ತು ನನಗೆ ಆ ಫೋಟೋ ಕಳಿಸಿದವರು ನನ್ನ ಗಂಡ, ಅಳಿಸಿದವರು ಬೇರೆ ಯಾರೋ ಎಂದು ಇಷ್ಟು ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದೇನೆ.

ನನ್ನ ಫೋನಿನಲ್ಲಿ ಅದು ಈಗ ಇಲ್ಲ. ನಿಮ್ಮಲ್ಲಿ ಇರುತ್ತದೆ, ನೀವು ಯಾವ ಫೋಟೋವನ್ನೂ ಎಸೆಯುವವರಲ್ಲ. ನಾಳೆ ಅದನ್ನು ತೆಗೆದುಕೊಂಡು ಬನ್ನಿ. ನೀವೇ ಕಂಡದ್ದನ್ನು ಕಂಡ ಹಾಗೆ ಬರೆಯಿರಿ. ನಿಮ್ಮ ಪೇಪರು ಹಾಕದಿದ್ದರೆ ಬೇರೆಯವರಿಗೆ ಕೊಡಿ, ಚಿತ್ರದುರ್ಗಕ್ಕೆ ಹೋಗಿ ದೊಡ್ಡ ಅಧಿಕಾರಿಗಳ ಮುಂದೆ ಇಡಿ, ನಾನೂ ಜೊತೆಗೆ ಬರುತ್ತೇನೆ. ರಂಗಕ್ಕನಿಗೆ ಕ್ರಷರಿನವರಿಂದಲೇ ಸಲ್ಲಬೇಕಾದ್ದು ಸಲ್ಲುವವರೆಗೆ ಅವಳ ಬಾಗಿಲಿಗೆ ಇಬ್ಬರೂ ಹೋಗೋಣ. ಅಷ್ಟು ಆಗುವುದಿಲ್ಲ ಎಂದಾದರೆ ಇದೊಂದು ಮಾಡಿ. ಶುಕ್ರವಾರ ಕ್ಯಾಮೆರಾ ಹಿಡಿದುಕೊಂಡು ಈ ಶಾಲೆಗೆ ಬರಬೇಡಿ. ಕಂಡದ್ದನ್ನು ಕೇಳಿದ ತಪ್ಪಿಗೆ ಒಂದು ಮಗು ಮೈಕಿನ ಮುಂದೆ ತಲೆ ತಗ್ಗಿಸುವುದನ್ನು ನೀವು ಹತ್ತಿರ ನಿಂತು ವಿಡಿಯೋ ಮಾಡಿದರೆ, ಆಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿ ಕೂತು ಊಟ ಮಾಡಲು ಸಾಧ್ಯವಿಲ್ಲ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ನೀವು ಬರುತ್ತೀರೆಂದು ಈಗಲೂ ಸಂಜೆ ಒಂದು ಲೋಟ ಅಕ್ಕಿ ಹೆಚ್ಚಿಗೆ ಹಾಕುವ ಅಭ್ಯಾಸ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಹೋಟೆಲಿನ ಊಟಕ್ಕೆ ಉಪ್ಪಿನಕಾಯಿ ಜಾಸ್ತಿ ಬೇಡ.

ಇನ್ನೂ ನಿಮ್ಮ ಹೆಸರನ್ನು ಸೇರಿಸಿಯೇ ಸಹಿ ಹಾಕುತ್ತಿರುವ,
ಅನುಸೂಯ ನಾಗಭೂಷಣ

ತಾ.ಕ.: ಪತ್ರ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ವಿಷಯ ಬರೆದಿರಲಿಲ್ಲ. ನನಗೇನಾದರೂ ಆದೀತೆಂಬ ಭಯಕ್ಕೆ ನೀವು ಓಡಿ ಬರುವುದು ಬೇಡ, ಕೆಂಚಪ್ಪನಿಗಾಗಿ ಬನ್ನಿ ಎಂಬ ಹಟ ನನ್ನದು. ಆದರೆ ಮುಚ್ಚಿಡುವುದು ಸರಿಯಲ್ಲವೆಂದು ಈಗ ಅನಿಸುತ್ತಿದೆ. ಗಡುವು ನಾಳೆಯವರೆಗೆ ಇದ್ದರೂ ಜೀಪಿನವನು ಇವತ್ತು ಬಿಸಿಯೂಟದ ಹೊತ್ತಿಗೆ ಒಂದು ಮಗುವಿನ ಕೈ ಹಿಡಿದು ನಿಲ್ಲಿಸಿಕೊಂಡಿದ್ದ. ಚೀಟಿ ಬರೆದ ಮಗುವೇ ಅದು. ನಾನು ಓಡಿಹೋಗಿ ಬಿಡಿಸಿ, ಚೀಟಿ ಬರೆದದ್ದು ಯಾವ ಮಗುವೂ ಅಲ್ಲ, ನಾನೇ, ಮಕ್ಕಳ ಅಕ್ಷರದ ಹಾಗೆ ಬರೆದೆ ಎಂದು ಹೇಳಿದೆ. ಅವನು ಫೋನಿನಲ್ಲಿ ಮಾತಾಡಿ, ‘ಹಂಗಾದ್ರೆ ಸಾಯಂಕಾಲ ಕ್ವಾರಿ ಆಫೀಸಿಗೆ ನೀವೇ ಬರ್ರಿ ಮೇಡಂ, ಸಾಹುಕಾರ್ರು ಮಾತಾಡ್ತಾರಂತೆ, ಜೀಪಲ್ಲೇ ಹೋಗಾಣ’ ಎಂದ. ಹೋಗದಿದ್ದರೆ ಸುಳ್ಳು ಹೇಳಿದೆ ಎಂದು ತಿಳಿದು ಮತ್ತೆ ಆ ಮಗುವಿನ ಹತ್ತಿರ ಹೋಗುತ್ತಾರೆ. ಹಾಗಾಗಿ ಹೊರಟಿದ್ದೇನೆ. ಬಸ್ಸು ಬಂದರೆ ಈ ಪತ್ರ ಬೋರಣ್ಣನಿಗೆ ಕೊಡಲು ಪುಟ್ಟಕ್ಕನಿಗೆ ಹೇಳಿದ್ದೇನೆ. ನನಗೇನಾದರೂ ಆದರೆ ಸುದ್ದಿ ಬರೆಯಲು ಅವರು ನಿಮ್ಮನ್ನೇ ಕರೆಸುತ್ತಾರೆ. ಗುಡ್ಡದ ತಿರುವಿನಲ್ಲಿ ಟೀಚರ್ ಸ್ಕೂಟಿ ಜಾರಿ ಬಿದ್ದರು ಎನ್ನಬಹುದು. ನನ್ನ ಸ್ಕೂಟಿ ಶಾಲೆಯ ಬೇವಿನ ಮರದ ಕೆಳಗೆ ನಿಂತಿದೆ, ಕೀಲಿ ಪುಟ್ಟಕ್ಕನ ಹತ್ತಿರ ಇದೆ.